ಟೇಪಿನ ಆ ತುದಿ

...ಅಯ್ಯೋ, ಒಬ್ಬರೇ ಅಳೆದರೆ ಸರಿಹೋಗಲ್ಲ ಮೇಡಂ. ಕೊಡಿ ಇಲ್ಲಿ, ಆ ತುದಿ ನಾನು ಹಿಡೀತೀನಿ! ಹಾಂ, ಹಾಗೆ. ಎಷ್ಟು ಬಂತು? ಏಳೂಮುಕ್ಕಾಲಾ? ನೋಡಿ, ನೋಡಿ! ಫುಟ್‌ಪಾತಿನ ಮೇಲೆ ಟಾರ್ಪಾಲು ಕಟ್ಟಿದರೆ ಎಂಟಡಿ ಎತ್ತರ ಇರಬೇಕು, ಕಾರ್ಪೊರೇಷನ್ ರೂಲು ಅಂತ ಹೋದ ತಿಂಗಳು ತಾನೇ ಹೇಳಿ ಹೋಗಿದ್ರಿ. ಕಟ್ಟಿದ್ದೆ, ಬಿಗಿಯಾಗೇ ಕಟ್ಟಿದ್ದೆ. ಹಾಳು ಹಗ್ಗ, ಜಾರಿಬಿಟ್ಟಿದೆ... ಯಾಕೆ ನಗ್ತೀರಿ? ಮೂರು ಸಲವೂ ಜಾರಿತು, ಹೌದಮ್ಮಾ. ಹಗ್ಗಕ್ಕೂ ವಯಸ್ಸಾಗಲ್ವಾ?

ಕೂತ್ಕೊಳ್ಳಿ. ಆ ಸ್ಟೂಲು ಬೇಡ, ಪೇಂಟು ಹಸಿ ಇದೆ. ಈ ಕುರ್ಚಿ ಒರೆಸಿಟ್ಟಿದ್ದೀನಿ. ಟೀನೂ ತರಿಸಿಟ್ಟಿದ್ದೀನಿ, ಎರಡು ಲೋಟ... ನೀವು ಬರ್ತೀರಿ ಅಂತ ಹೇಗೆ ಗೊತ್ತಾಯ್ತಾ? ಅದು... ಹೀಗೇ, ಒಂದು ಅಂದಾಜು!

ಈ ಟಾರ್ಪಾಲಿನ ಮೇಲೆ ನಿಮ್ಮ ಆಫೀಸಿಗೆ ದೂರು ಕೊಟ್ಟಿದ್ದು ಯಾರು ಅಂತ ಹೇಳ್ಲಾ? ಎದುರುಗಡೆ ಬೀಗ ರಿಪೇರಿ ಮಾಡ್ತಾನಲ್ಲ, ಅವನೇ. ಮೊನ್ನೆಯಿಂದ ಮುಖ ಕೊಟ್ಟು ಮಾತಾಡ್ತಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ! ಹೊಟ್ಟೆಕಿಚ್ಚು ಮೇಡಂ. ಅಲ್ಲ... ಹೊಟ್ಟೆಕಿಚ್ಚು ಪಡೋಕೆ ನನ್ನ ಹತ್ರ ಏನಿದೆ ಅಂತೀನಿ? ಒಂದು ಕಾಲದಲ್ಲಿ ಈ ಬೀದಿಯ ಬೋರ್ಡೆಲ್ಲ ಈ ಕೈಯಲ್ಲೇ ಬರೆದದ್ದು. ಈಗ ಎಲ್ಲಾ ಫ್ಲೆಕ್ಸು. ಬೆಳಗ್ಗೆ ಬಾಗಿಲು ತೆಗೀತೀನಿ, ಸಂಜೆ ಹಾಕ್ತೀನಿ. ನಡುವೆ ಒಂದು ನರಪಿಳ್ಳೆ ಮಾತಾಡಿಸಲ್ಲ.

ನಮ್ಮನೆಯವಳು ಇದ್ದಾಗ... ಬೋರ್ಡಿಗೆ ಗೆರೆ ಹಾಕಬೇಕಲ್ಲ, ಸೀಮೆಸುಣ್ಣ ಉಜ್ಜಿದ ದಾರದ ಆ ತುದಿ ಅವಳು ಹಿಡೀತಿದ್ದಳು, ಈ ತುದಿ ನಾನು. ಟಪ್ ಅಂತ ಮೀಟಿದರೆ ಉದ್ದಕ್ಕೂ ನೇರ ಗೆರೆ! ಈಗ ಆ ತುದಿಗೆ ಮೊಳೆ ಹೊಡೆದಿದ್ದೀನಿ. ಕೆಲಸ ನಡೆಯುತ್ತೆ. ಆದರೆ ಮೊಳೆ 'ಕೈ ನೋಯ್ತಿದೆ, ಬೇಗ ಮುಗಿಸ್ರೀ' ಅಂತ ಬೈಯಲ್ಲ ಮೇಡಂ.

ಏನದು? ದೂರಿನ ಕಾಗದಾನಾ? ಮೂರೂನಾ? ಒಳಗಿಡಿ, ಒಳಗಿಡಿ, ನಾನ್ಯಾಕೆ ನೋಡಲಿ... ಪೆನ್ಸಿಲ್ ಗೆರೆಯಾ? ಎಲ್ಲಿ? ಓ... ಒಂದೊಂದು ಸಾಲಿಗೂ ಮೇಲೊಂದು, ಕೆಳಗೊಂದು. ಬೀಗದವನು ನೀಟು ಮನುಷ್ಯ ಬಿಡಿ... ಆ ಕಡೆ ಏನು ನೋಡ್ತೀರಿ? ಅದು ಒಣಗೋಕೆ ಇಟ್ಟ ಬೋರ್ಡು. ಗೆರೆ ಇನ್ನೂ ಅಳಿಸಿಲ್ಲ, ಅಷ್ಟೇ... ಮೇಲೊಂದು, ಕೆಳಗೊಂದು...

ಬೈದುಬಿಡಿ ಮೇಡಂ.

ನಲವತ್ತು ವರ್ಷ... ಗೆರೆ ಎಳೆಯದೆ ಒಂದಕ್ಷರ ಬರೆಯೋಕೆ ಈ ಕೈಗೆ ಬರಲ್ಲ. ಪಾಪ, ಅವನ ತಲೆಗೆ ಕಟ್ಟಿಬಿಟ್ಟೆ. ಹಗ್ಗ ಸಡಿಲಿಸಿದ್ದೂ ನಾನೇ. ಎಂಟಡಿ ಸರಿಯಾಗಿದ್ದರೆ ನೀವ್ಯಾಕೆ ಬರ್ತಿದ್ರಿ, ಹೇಳಿ?

ಎದ್ದುಬಿಟ್ರಾ? ಟೀ ಹಾಗೇ ಇದೆ... ಸರಿ, ಸರಿ. ಈಗಲೇ ಬಿಗಿದು ಕಟ್ತೀನಿ, ನಿಮ್ಮೆದುರಿಗೇ. ಇನ್ನು ಜಾರಲ್ಲ. ಕಾಗದಾನೂ ಬರಲ್ಲ. ಕಟ್ಟಿದ ಮೇಲೆ ಒಂದೇ ಒಂದು ಸಲ ಅಳೆದು ಹೋಗಿ ಮೇಡಂ... ಆ ತುದಿ ನಾನು ಹಿಡೀತೀನಿ.