ಹಿಡಿಕೆಗೆ ಕಟ್ಟಿದ ರುಮಾಲು

ಮಳೆ ಸಂಜೆಯಿಂದ ಬಿಟ್ಟಿರಲಿಲ್ಲ. ಪ್ಯಾಸೆಂಜರ್ ಗಾಡಿ ಬರುವ ಹೊತ್ತು ಮೀರಿತ್ತು. ಮೂರನೇ ದರ್ಜೆಯವರಿಗೆಂದು ಈ ಸ್ಟೇಷನ್ನಿನಲ್ಲಿ ಇರುವುದು ಸೋರುವ ಒಂದು ತಗಡಿನ ಚಪ್ಪರ. ಮಣ್ಣೂರಿನ ಕಡೆಯವರು, ಜಿಡಗಾ ಮಠಕ್ಕೆ ಹೋಗಿ ಬಂದವರು, ನಾನು, ಎಲ್ಲರೂ ಅದರಡಿ ಮುದುಡಿ ಕೂತಿದ್ದೆವು. ಶೇಂಗಾ ಮಾರುವ ಮುದುಕಿ ನಿಂಬೆವ್ವ ಬುಟ್ಟಿಗೆ ಕಂಬಳಿ ಹೊದಿಸಿಕೊಂಡು ನಮ್ಮ ನಡುವೆ ಬಂದು ಕೂತಳು.

"ಗಾಡಿ ಯಾಕ ತಡಾ ಆಗೇತಿ ಅಂತೀರಿ? ನನ್ನ ಮಗ ನಿಲ್ಲಸ್ಯಾನ."

ಯಾರೋ ನಕ್ಕರು.

"ನಗ್ರಿ... ನೀವೂ ಅದಽ ಗಾಡಿ ಹತ್ತಾವ್ರು. ನಮ್ಮೂರು ಕೊಳಕೂರ. ನನ್ನ ಮಗ ಬೀರಣ್ಣ ಎಂಜಿನ್ ಶೆಡ್ಡಿನಾಗ ಫಿಟ್ಟರ್ ಇದ್ದ. ಆಗ ಪ್ಯಾಸೆಂಜರ್ ಎಂಜಿನ್‌ಗೊಳಿಗೆ ಹೊಸಾ ಗಂಟಿ ಕೂಡಸಾಕತ್ತಿದ್ರು. ಎಂಜಿನ್ ಹೊಟ್ಟಿ ಕೆಳಗ ಒಂದು ಕಬ್ಬಿಣದ ನಾಲಿಗಿ, ಸಿಗ್ನಲ್ ಹತ್ರ ಹಳಿ ನಡುವ ಉಬ್ಬಿದ ಪಟ್ಟಿ. ನಾಲಿಗಿ ಅದಕ್ಕ ಬಡೀತಂದ್ರ ಡ್ರೈವರ್ ಕಿವ್ಯಾಗ ಗಂಟಿ ಹೊಡೀಬೇಕು, ಬ್ರೇಕ್ ತಾನಽ ಹಿಡೀಬೇಕು. ಮಂದಿ ಜೀವಾ ಉಳಸಾಕ ಮಾಡಿದ್ದು, ಛಲೋ ಕೆಲಸಾನಽ ಬಿಡ್ರಿ... ಆದ್ರ ಕೂಡಸಾವನ ಜೀವಕ್ಕ ಯಾವ ಗಂಟಿ ಇತ್ರಿ?

ಒಂದು ಕೆಂಪು ರುಮಾಲಿತ್ತು, ಅಷ್ಟಽ. ಎಂಜಿನ್ ಕೆಳಗ ಇಳಿಯಾವ ತನ್ನ ತಲಿ ರುಮಾಲು ಬಿಚ್ಚಿ, ಮ್ಯಾಲೆ ಡ್ರೈವರ್ ಗಾಡಿ ನಡಸೂ ಹಿಡಿಕಿಗೆ ಕಟ್ಟಿ ಇಳೀಬೇಕು. ಅದು ಇರೋತನಾ ಡ್ರೈವರ್ ಹಿಡಿಕಿ ಮುಟ್ಟೂದಿಲ್ಲ. ಕಟ್ಟಿದಾವನಽ ಬಿಚ್ಚಬೇಕು, ಇನ್ನೊಬ್ಬ ಬಿಚ್ಚೂ ಹಂಗಿಲ್ಲ.

ಅವತ್ತು ಬೀರಣ್ಣ ರುಮಾಲು ಕಟ್ಟಿ ಎಂಜಿನ್ ಕೆಳಗ ಇಳದಿದ್ದ, ದೊಡ್ಡ ಸಾಹೇಬ ಗಂಟಿ ನೋಡಾಕ ಬಂದ. ನಾ ಬುತ್ತಿ ಹಿಡಕೊಂಡು ಬಾಗಿಲದಾಗ ನಿಂತಿದ್ದೆ. ಕೆಲಸದವರ ಮ್ಯಾಲಿನ ಮುಕಾದಮ ದತ್ತಪ್ಪ ಕೆಳಗ ಬಗ್ಗಿ, 'ಲೇ ಬೀರ್ಯಾ, ಹೊರಗ ಬಾ! ಬರೇ ತಲೀಲೆ ಸಾಹೇಬ್ರ ಮುಂದ ನಿಲ್ತಿಯೇನಲೇ?' ಅಂದ. ನಮ್ಮದು ನಿಜಾಮನ ರಾಜ್ಯ ನೋಡ್ರಿ, ಬರೇ ತಲಿ ಅಂದ್ರ ದೊಡ್ಡವರಿಗೆ ಅವಮಾನ. ದತ್ತಪ್ಪ ಕೆಟ್ಟಾವಲ್ಲ, ಹುಡುಗನ ನೌಕರಿ ಹೋದೀತಂತ ಅಂಜಿ, ತಾನಽ ಹತ್ತಿ ಹಿಡಿಕಿ ಮ್ಯಾಲಿನ ರುಮಾಲು ಬಿಚ್ಚಿ, ಅವಂಗ ಕೊಡಾಕ ಈ ಕಡೆ ಇಳದ. ಆ ಕಡಿಂದ ಡ್ರೈವರ್ ಗೌಸಮೊಹಿದ್ದೀನ ಹತ್ತಿದ. ನೋಡ್ತಾನ, ಹಿಡಿಕಿ ಖಾಲಿ. ಸಾಹೇಬ ಕೈ ಬೀಸಿದ... ಎಂಜಿನ್ ಸರೀತು.

ಗಂಟಿ ಹೊಡೀತ್ರಿ.

ಅಲ್ಲಿ ಸಿಗ್ನಲ್ ಇರಲಿಲ್ಲ, ಪಟ್ಟೀನೂ ಇರಲಿಲ್ಲ. ಆ ನಾಲಿಗಿ ಯಾತಕ್ಕ ಬಡೀತು ಅಂತ ನಾನಽ ಹೇಳ್ಬೇಕೇನ್ರಿ? ಸಾಹೇಬ ಚಪ್ಪಾಳಿ ಹೊಡದ. ಅವನ ಹಿಂದ ನಿಂತವರೆಲ್ಲಾ ಹೊಡದ್ರು. ಆಮ್ಯಾಲೆ, 'ತಪ್ಪು ಅವಂದಽ, ಹುಷಾರ್‌ಲೆ ಇರಲಿಲ್ಲ' ಅಂದ್ರು. ಆ ಕೆಂಪು ರುಮಾಲು ಅವನ ತಲಿಗೆ ಸುತ್ತಿ ಮಣ್ಣು ಮಾಡಿದೆ..."

ಅಷ್ಟರಲ್ಲಿ ದೂರದ ತಿರುವಿನ ಕಡೆಯಿಂದ, ಮಳೆಯನ್ನು ಸೀಳಿಕೊಂಡು, ಗಂಟೆ ಕೇಳಿಸಿತು. ಹಿಂದೆಯೇ ಬ್ರೇಕು ಕಿರುಚಿತು. ಆ ತಿರುವಿನಲ್ಲಿ ಸಿಗ್ನಲ್ ಇಲ್ಲ.

"ಈಗ ಡ್ರೈವರ್ ಇಳದು ಸುತ್ತೂ ಹುಡುಕತಾನ. ತಿರುಗಿ ಹತ್ತಿದ್ರ, ನಾ ಮಣ್ಣಾಗ ಇಟ್ಟ ರುಮಾಲು ಹಿಡಿಕಿಗೆ ಕಟ್ಟಿರತೈತಿ. ಹಳಬರು ಮುಟ್ಟೂದಿಲ್ಲ, ಕಟ್ಟಿದಾವನಽ ಬಿಚ್ಚೋತನಾ ಕಾಯತಾರ."

ನಕ್ಕಿದ್ದವನೇ ಕಂದೀಲು ಹಿಡಿದು ಎದ್ದ. "ನೋಡ್ಕೊಂಡು ಬರ್ತೇನಿ, ಯವ್ವಾ."

"ಹೋಗಪ್ಪಾ. ಎಂಜಿನ್ ಕೆಳಗ ಮಾತ್ರ ದೀಪಾ ಹಿಡೀಬ್ಯಾಡ." ನಿಂಬೆವ್ವ ಕಂಬಳಿ ಎಳೆದುಕೊಂಡಳು. "ಬರೇ ತಲೀಲೆ ಅದಾನ... ಮಂದಿ ನೋಡಿದ್ರ ನಾಚಕೋತಾನ, ನನ್ನ ಕೂಸು."