ಪಕ್ಕೀರಮ್ಮ ಕದ್ದಿಲ್ಲ ಎಂಬ ಬಗ್ಗೆ

ಹೆಸರು ಪಂಚಾಕ್ಷರಪ್ಪ, ತಂದೆ ಗುರುಸಂಗಪ್ಪ, ವಯಸ್ಸು 67, ಹಗ್ಗ ಮಿಣಿ ವ್ಯಾಪಾರ, ಓದು ಮೂರನೇ ತರಗತಿ, ವಾಸ ಕೊಟ್ಟೂರು, ಕೂಡ್ಲಿಗಿ ತಾಲೂಕು.

ಈ ದಿನ ಬೆಳಿಗ್ಗೆ 11-20ಕ್ಕೆ ಯಾರೂ ಕರೆಯದೆ ನಾನೇ ಠಾಣೆಗೆ ಬಂದು ತಿಳಿಸುವುದೇನೆಂದರೆ, ನಿನ್ನೆ ಮಧ್ಯಾಹ್ನ 3 ಗಂಟೆಗೆ ಇದೇ ಮೇಜಿನ ಮುಂದೆ ನಿಂತು ನಾನು ಹೇಳಿದ್ದು ಸುಳ್ಳು. ಬೇಕಂತ ಹೇಳಿದ್ದಲ್ಲ, ಸಿಟ್ಟಿನಲ್ಲಿ ಹೇಳಿದ್ದು.

ನನ್ನ ಮಗ ಅಮರೇಶ ಊರಿನ ಸ್ನೇಹಬಂಧು ಸೇವಾ ಕ್ಲಬ್ಬಿನ ಸದಸ್ಯ. ಕ್ಲಬ್ಬಿನವರು ಸ್ವೀಡನ್ ದೇಶದಿಂದ ಐದು ಜನ ಶಿಕ್ಷಕರನ್ನು ಕರೆಸಿ, ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಇಳಿಸಿದ್ದರು. ನಮ್ಮ ಮನೆಗೆ ಬಂದವಳು ಮಾರ್ಗಿಟ್ ಎಂಬ ಹೆಣ್ಣುಮಗಳು. ಆ ಹೆಸರು ಬಾಯಿಗೆ ಬಾರದೆ ನನ್ನ ಹೆಂಡತಿ ನಾಗಲಿಂಗಮ್ಮ ಗೀತವ್ವ ಎಂದೇ ಕರೆದಳು. ಮೂರು ದಿನ ಇದ್ದಳು.

ನಿನ್ನೆ ಬೆಳಿಗ್ಗೆ 9-30ಕ್ಕೆ, ಹೊರಡುವ ಮುಂಚೆ, ಗೀತವ್ವ ಎಲ್ಲರ ಫೋಟೋ ತೆಗೆದಳು. ಪಕ್ಕೀರಮ್ಮ ಎಂಬಾಕೆ ಇಪ್ಪತ್ತೆರಡು ವರ್ಷದಿಂದ ನಮ್ಮ ಅಂಗಳ, ಹಿತ್ತಲು ಗುಡಿಸುವವಳು. ಹೊಸ್ತಿಲು ದಾಟಿದವಳಲ್ಲ. ದಾಟು ಎಂದು ನಾವೂ ಅಂದವರಲ್ಲ. ಗೀತವ್ವ ಆಕೆಯ ಕೈ ಹಿಡಿದು ಪಡಸಾಲೆಗೆ ಎಳೆದು ತಂದಳು. ಪಕ್ಕೀರಮ್ಮ, ಬ್ಯಾಡ್ರೀ ಯವ್ವಾ, ಯಜಮಾನ್ರು ಬೈತಾರ ಎಂದಳು. ಆ ಮಾತು ಗೀತವ್ವನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ಆಮೇಲೆ ಗೀತವ್ವ ತನ್ನ ಪಾಸ್‌ಪೋರ್ಟು ತೆಗೆದು ಅದರಲ್ಲಿರುವ ಫೋಟೋ ತೋರಿಸಿದಳು. ಅದು ಕೈಯಿಂದ ಕೈಗೆ ಹೋಯಿತು. ಕೊನೆಗೆ ಹಿಡಿದವಳು ಪಕ್ಕೀರಮ್ಮ. ಇದ್ರಾಗ ಒಂಚೂರೂ ನಕ್ಕಿಲ್ಲಲ್ರೀ, ಅತ್ತಿ ಮನಿಗಿ ಹೊಂಟಾಗ ತೆಗಸಿರಬೇಕು ಎಂದು ಆಕೆ ಅಂದಿದ್ದಕ್ಕೆ ಹೆಂಗಸರೆಲ್ಲ ನಕ್ಕರು. ಅಷ್ಟರಲ್ಲಿ ಅಂಗಡಿಗೆ ಗಿರಾಕಿ ಬಂದನೆಂದು ನಾನು ಎದ್ದು ಹೋದೆ. ಮುಂದಿನದನ್ನು ನಾನು ನೋಡಿಲ್ಲ.

10 ಗಂಟೆಗೆ ನನ್ನ ಹೆಂಡತಿ ಗೀತವ್ವನಿಗೆ ಉಡಿ ತುಂಬಿದಳಂತೆ. ಆಕೆ ತೊಟ್ಟಿದ್ದು ಪ್ಯಾಂಟು, ಸೆರಗಿಲ್ಲ. ತೊಡೆಯ ಮೇಲೆ ಟವೆಲ್ ಹಾಸಿ, ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಬೆಲ್ಲ ಹಾಕಿ ಗಂಟು ಕಟ್ಟಿಕೊಟ್ಟು, ಇದನ್ನ ದಾರ್‍ಯಾಗ ಬಿಚ್ಚಬಾರದವ್ವಾ, ನಿನ್ನ ಮನಿ ಮುಟ್ಟಿದ ಮ್ಯಾಲ ಬಿಚ್ಚು ಎಂದಳಂತೆ. ಅಮರೇಶ ಅದನ್ನು ಇಂಗ್ಲಿಷಿನಲ್ಲಿ ಹೇಳಿದನಂತೆ.

10-40ಕ್ಕೆ ಐವರನ್ನೂ ವ್ಯಾನಿನಲ್ಲಿ ಹಗರಿಬೊಮ್ಮನಹಳ್ಳಿಗೆ ಕರೆದೊಯ್ದರು. 11-15ರ ಬಸ್ಸಿಗೆ ನನ್ನ ಹೆಂಡತಿ ಹಡಗಲಿಗೆ ಮಗಳ ಮನೆಗೆ ಹೋದಳು. ಅಲ್ಲಿ ಫೋನಿಲ್ಲ.

1-30ಕ್ಕೆ ಹಗರಿಬೊಮ್ಮನಹಳ್ಳಿಯಿಂದ ಫೋನ್ ಬಂತು. ಗೀತವ್ವನ ಪಾಸ್‌ಪೋರ್ಟು ಇಲ್ಲ, ಅದಿಲ್ಲದೆ ದೇಶಕ್ಕೆ ಹೋಗಲಾಗದು, ಆಕೆ ಊಟ ಬಿಟ್ಟು ಕೂತಿದ್ದಾಳೆ ಎಂದರು. ನಾನು ಪಕ್ಕೀರಮ್ಮನ ಹೆಸರು ಹೇಳಿದೆ. ಅವ್ವ ಬರ್ಲಿ, ತಡಿಯಪ್ಪಾ ಎಂದು ಅಮರೇಶ ಅಂದ. ನಿನ್ನ ಕ್ಲಬ್ಬಿಗಿಷ್ಟು ಬೆಂಕಿ ಹಾಕ ಎಂದು ಬೈದೆ.

2-15ಕ್ಕೆ ಕ್ಲಬ್ಬಿನ ಇಬ್ಬರನ್ನು ಕರೆದುಕೊಂಡು ಪಕ್ಕೀರಮ್ಮನ ಮನೆಗೆ ಹೋದೆ. ಆಕೆ, ಅವ್ವಾರ ಕೈಯಾಗ ಕೊಟ್ಟೀನ್ರೀ ಎಂದು ನಾಲ್ಕು ಸಲ ಹೇಳಿದಳು. ಕೇಳದೆ ಆಕೆಯ ಪೆಟ್ಟಿಗೆಯನ್ನು ಬೀದಿಯಲ್ಲಿ ಬೋರಲು ಹಾಕಿಸಿದೆ. ಎರಡು ಸೀರೆ, ರೇಷನ್ ಕಾರ್ಡು, ತೀರಿಕೊಂಡ ಗಂಡನ ಕನ್ನಡಕ ಬಿದ್ದವು. ಕನ್ನಡಕದ ಒಂದು ಕಾಲು ಮುರಿಯಿತು. ಆಕೆ ಸೀರೆಗಳನ್ನು ಮಡಚಿ ಒಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. ಅಲ್ಲಿಂದ ನೇರ ಠಾಣೆಗೆ ಬಂದು ದೂರು ಹೇಳಿದೆ.

ಈ ದಿನ 8-10ಕ್ಕೆ ನನ್ನ ಹೆಂಡತಿ ಬಂದಳು. ಸಂಗತಿ ಕೇಳಿ ಹಣೆ ಬಡಿದುಕೊಂಡು, ಪಕ್ಕೀರಿ ನನ್ನ ಕೈಯಾಗ ಕೊಟ್ಟಳಲ್ರೀ, ಆಕಿ ಊರ ಚೀಟಿ ಆಕಿ ಉಡಿಯಾಗ ಇರ್ಲಿ ಅಂತ ನಾನ ಅಕ್ಕಿಯಾಗ ಇಟ್ಟೀನಿ ಎಂದಳು. 8-40ಕ್ಕೆ ಎಸ್‌ಟಿಡಿ ಬೂತಿನಿಂದ ಹಗರಿಬೊಮ್ಮನಹಳ್ಳಿಗೆ ಫೋನ್ ಮಾಡಿದೆವು. ಉಡಿಗಂಟು ಅಲ್ಲೇ ಗೂಟಕ್ಕೆ ತೂಗುತ್ತಿತ್ತು. ಮನೆಗೆ ಹೋಗಿ ಬಿಚ್ಚು ಎಂದು ತಾಯಿ ಅಂದಿದ್ದಾರೆ, ಬಿಚ್ಚಲಾರೆ ಎಂದು ಗೀತವ್ವ ಹಟ ಹಿಡಿದಳಂತೆ. ನನ್ನ ಹೆಂಡತಿಯೇ ಫೋನಿನಲ್ಲಿ, ಬಿಚ್ಚು ನನ್ನವ್ವಾ, ದೋಷ ಇಲ್ಲ ಎಂದ ಮೇಲೆ ಬಿಚ್ಚಿದಳು. ಪಾಸ್‌ಪೋರ್ಟು ಸಿಕ್ಕಿತು. ಮೂಲೆಗೆ ಅರಿಶಿನ ಹತ್ತಿದೆಯಂತೆ.

10 ಗಂಟೆಗೆ ನಾನೊಬ್ಬನೇ ಪಕ್ಕೀರಮ್ಮನ ಬಾಗಿಲಿಗೆ ಹೋಗಿ ತಪ್ಪಾಯಿತು ಎಂದೆ. ಆಕೆ, ಓಣಿ ಮಂದಿ ಮುಂದ ಪೆಟ್ಟಿಗಿ ಸುರುವಿಸಿದ್ರಿ, ಈಗ ಬಾಗಲದಾಗ ನಿಂತು ಪಿಸುಪಿಸು ಅಂತೀರಲ್ರೀ, ಎಲ್ಲಿ ಹೇಳಿದ್ರ್ಯೋ ಅಲ್ಲೇ ಹೇಳ್ರಿ ಎಂದಳು. ಇನ್ನು ಕೆಲಸಕ್ಕೆ ಬರುವುದಿಲ್ಲ, ಹಿತ್ತಲಲ್ಲಿರುವ ಕಸಬರಿಗೆ ತಾನು ಕಟ್ಟಿದ್ದು, ಅದನ್ನು ಕೊಡಿ ಎಂದೂ ಹೇಳಿದಳು. ಮನೆಗೆ ಹೋಗಿ ಕಸಬರಿಗೆ ಹಿಡಿದು ಬಜಾರಿನ ಮೇಲೆ ನಡೆದು ಬಂದೆ. ಚಹಾದಂಗಡಿಯ ಮೈಲಪ್ಪ, ಏನ್ ಮಾವಾ, ಪಂಚಾಯ್ತಿ ಕೆಲಸ ಹಿಡದ್ಯೇನು ಎಂದು ನಕ್ಕ. ಪಕ್ಕೀರಮ್ಮ ಕದ್ದಿಲ್ಲಲೇ, ನಾನು ಸುಳ್ಳು ಹೇಳೀನಿ ಎಂದೆ. ನಗು ನಿಂತಿತು.

ಪಕ್ಕೀರಮ್ಮನಿಗೆ ಕಸಬರಿಗೆ ಕೊಟ್ಟು, ಠಾಣೆಯಲ್ಲೇ ಹೇಳುತ್ತೇನೆ, ಬಾ ಎಂದೆ. ಆಕೆ ಈಗ ಠಾಣೆಯ ಕಟ್ಟೆಯ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಆಕೆಗೆ ಕೇಳುವಂತೆ ಇದನ್ನು ಗಟ್ಟಿಯಾಗಿ ಓದಬೇಕೆಂದು ರೈಟರ್ ಸಾಹೇಬರನ್ನು ಕೇಳಿದೆ. ಅವರು ಬಾಗಿಲು ತೆರೆದು ಓದಿದರು. ಪೂರ್ತಿ ಕೇಳಿ ಆಕೆ, ಸಿಟ್ಟಿನ್ಯಾಗ ಹೇಳಿದ್ದು ಅಂಬೋ ಮಾತು ತೆಗಸ್ರಿ, ಸಿಟ್ಟು ಆಮ್ಯಾಲ ಬಂತು, ಮೊದಲ ಬಂದಿದ್ದು ನನ್ನ ಹೆಸರು ಎಂದಳು.

ಆಕೆ ಹೇಳಿದ್ದು ಖರೆ. ಮೇಲಿನ ಆ ಮಾತನ್ನು ಇಲ್ಲವೆಂದು ತಿಳಿಯತಕ್ಕದ್ದು. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಬರೆದಿದೆ, ಎರಡು ಸಲ ಓದಿಸಿ ಕೇಳಿದ್ದೇನೆ, ನಿಜವಿದೆ.

ಸ್ಥಳ: ಕೊಟ್ಟೂರು
ದಿನಾಂಕ: 12-2-1998
ಸಹಿ: ಪಂಚಾಕ್ಷರಪ್ಪ