ಎತ್ತರದ ಸಂಬಳ

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಅಣ್ಣತಮ್ಮಂದಿರು ನಿಂತಿದ್ದರು. ಅಣ್ಣ ಬಡಗಿ, ತಮ್ಮ ಕ್ರೇನ್ ನಡೆಸುವವನು ಎಂದು ಮಾತಿನಿಂದಲೇ ತಿಳಿಯಿತು.

“ಇಬ್ರೂ ಅಪ್ಪನ ಹತ್ರಾನೇ ಮರಗೆಲಸ ಕಲಿತ್ವಿ,” ಅಂದ ಅಣ್ಣ. “ಈಗ ನಿನಗೆ ಸಂಬಳ, ರಜೆ, ಔಷಧಿ ಖರ್ಚು. ನನ್ನ ಅಂಗಡೀಲಿ ಕೆಲಸ ಬಂದ ದಿನ ಮಾತ್ರ ಕಾಸು. ನಿನ್ನ ಅತ್ತಿಗೆ ಮಂಡಿ ಆಪರೇಷನ್ ಹಾಗೇ ನಿಂತಿದೆ.”

“ದೂರದ ಬೆಟ್ಟ ನುಣ್ಣಗೆ ಅಣ್ಣ. ಬೆಳಿಗ್ಗೆ ಕ್ರೇನ್ ಹತ್ತಿದ್ರೆ ಅಷ್ಟೆತ್ತರದಲ್ಲಿ ಒಬ್ಬನೇ. ವೈರ್‌ಲೆಸ್ಸಲ್ಲಿ ಎತ್ತು, ಇಳಿಸು ಅಂತಾರೆ. ಇಡೀ ದಿನಕ್ಕೆ ಅಷ್ಟೇ ಮಾತು.”

“ಪುಣ್ಯವಂತ! ನನ್ನ ಗಿರಾಕಿಗಳು ಬಾಗಿಲು ಚೆನ್ನಾಗಿದೆ, ರೇಟು ಚೆನ್ನಾಗಿಲ್ಲ ಅಂತ ತಲೆ ತಿಂತಾರೆ.”

ತಮ್ಮ ನಕ್ಕ. “ಎಷ್ಟು ಕಟ್ಟಡ ಎದ್ದವು, ಒಂದರ ಗೋಡೇನೂ ನಾನು ಮುಟ್ಟಿಲ್ಲ. ನೀನು ಮಾಡಿದ್ದನ್ನ ಕೈಯಲ್ಲಿ ಸವರಿ ನೋಡ್ತೀಯ.”

“ಸವರಿದ್ರೆ ಹೊಟ್ಟೆ ತುಂಬುತ್ತೇನೋ?”

“ಇಲ್ಲ.” ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದು ತಮ್ಮ ಕೇಳಿದ, “ಭಾನುವಾರ ಅಂಗಡಿಗೆ ಬರ್ಲಾ? ನಿನ್ನ ಜೊತೆ ಕೂತು ಕೆಲಸ ಮಾಡ್ತೀನಿ.”

“ಕೂಲಿ ಕೊಡಕ್ಕಾಗಲ್ಲಪ್ಪಾ.”

“ಬೇಡ. ನೀನು ಮಾತಾಡ್ತಿರು, ಸಾಕು.”

ಕಿಟಕಿಯಿಂದ ಔಷಧಿ ಬಂತು. ಹೊರಡುವಾಗ ಅಣ್ಣ ತಮ್ಮನ ಹೆಗಲ ಮೇಲೆ ಕೈ ಹಾಕಿದ.

“ಬೇಗ ಬಾ. ಒಳ್ಳೇ ತೇಗದ ಹಲಗೆ ಒಂದಿದೆ. ನಾನಿನ್ನೂ ಅದಕ್ಕೆ ಕೈ ಹಚ್ಚಿಲ್ಲ.”